ಭಾವನ ಸೀಸದ ಗುಂಡು, ಕಾಳಿಯ ಅಳಿವೆ

ಮೊದಲ ದಿನ

ಗೋವಾ ವಿಮಾನ ನಿಲ್ದಾಣದಿಂದ ಭಾವನನ್ನು ಕರೆದುಕೊಂಡು ಬರುತ್ತಿದ್ದೆ. ಕರ್ಮಲ ಘಾಟಿಯ ತಿರುವುಗಳಲ್ಲಿ ಕಾರಿನ ಡಿಕ್ಕಿಯೊಳಗೆ ಏನೋ ಗಡಗಡ ಉರುಳತೊಡಗಿತು.

"ಎಂತದು ಭಾವ ಅದು?"

"ಸೀಸದ ಗುಂಡು. ಹತ್ತು ಪೌಂಡು."

ಹತ್ತು ಪೌಂಡು ಅಂದರೆ ನಾಲ್ಕೂವರೆ ಕಿಲೋ. ಶಾಲೆಯಲ್ಲಿ ಗುಂಡು ಎಸೆತಕ್ಕೆ ಕೊಡುತ್ತಿದ್ದರಲ್ಲ, ನೋಡಲು ಥೇಟ್ ಅದೇ. ಹಿಂದೆ ಮೀನಿನ ರೆಕ್ಕೆಯಂಥದೊಂದು ತಗಡು ಬೇರೆ. ಇದಕ್ಕೆ ಜಾಗ ಮಾಡಲು ಅಕ್ಕ ಅಮ್ಮನಿಗೆಂದು ತೆಗೆದಿಟ್ಟಿದ್ದ ಸಾಮಾನಿನಲ್ಲಿ ಅರ್ಧ ಅಮೆರಿಕದಲ್ಲೇ ಉಳಿಯಿತಂತೆ. ವಿಮಾನ ನಿಲ್ದಾಣದಲ್ಲಿ ಎರಡು ಸಲ ಚೀಲ ಬಿಚ್ಚಿಸಿದರಂತೆ. ಬಿಚ್ಚಿಸದೆ ಬಿಡುತ್ತಾರಾ?

ಭಾವ ಮಿಶಿಗನ್ ಸರೋವರದ ದಂಡೆಯ ಹತ್ತಿರ ಇದ್ದಾನೆ. ಬೇಸಿಗೆ ಬಂತೆಂದರೆ ಶನಿವಾರ, ಭಾನುವಾರ ಮನೆಯಲ್ಲಿರುವುದಿಲ್ಲ. ಸಾಲ್ಮನ್, ಟ್ರೌಟ್ ಮೀನು ಎಂದು ನೀರಿನ ಮೇಲೇ ಇರುತ್ತಾನೆ. ಹೋದ ಆಗಸ್ಟಿನಲ್ಲಿ ನಾನೂ ಅಲ್ಲಿ ಹೋಗಿದ್ದಾಗ ಲಡಿಂಗ್ಟನ್ ಎಂಬ ಊರಿನಿಂದ ನನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿದ್ದ. ಆ ದಿನ ನಾನು ಸುಮ್ಮನಿರದೆ, "ನಮ್ಮ ಕಾರವಾರದ ಸಮುದ್ರಕ್ಕೆ ಬಾ ಭಾವ, ಇದೆಂಥ ಕೆರೆ" ಎಂದುಬಿಟ್ಟಿದ್ದೆ. ಅದರ ಫಲ ಈಗ ಡಿಕ್ಕಿಯಲ್ಲಿ ಉರುಳುತ್ತಿತ್ತು.

ಕೆರೆ ಎಂದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಮಿಶಿಗನ್ ಸರೋವರದ ಉದ್ದ 494 ಕಿಲೋಮೀಟರ್. ನಮ್ಮ ಜಿಲ್ಲೆಯ ಕರಾವಳಿಯನ್ನು ಮಾಜಾಳಿಯಿಂದ ಭಟ್ಕಳದವರೆಗೆ ಮೂರು ಸಲ ಜೋಡಿಸಿದರೂ ಅಷ್ಟಾಗುವುದಿಲ್ಲ. ಅತಿ ಆಳದಲ್ಲಿ 281 ಮೀಟರ್. ಕಾರವಾರದಿಂದ ಪಡುವಣಕ್ಕೆ ತಾಸುಗಟ್ಟಲೆ ದೋಣಿ ಓಡಿಸಿದರೂ ಅಷ್ಟು ಆಳ ಸಿಗುವುದಿಲ್ಲ. ಸರೋವರ ನಮ್ಮ ದಂಡೆಯ ಸಮುದ್ರಕ್ಕಿಂತ ಆಳ! ಇದು ನನಗೆ ಅಲ್ಲಿ ಹೋಗುವವರೆಗೆ ತಲೆಗೆ ಹೋಗಿರಲಿಲ್ಲ.

ಸಂಜೆ ಕೋಡಿಬಾಗದಲ್ಲಿ ತಾಂಡೇಲರನ್ನು ಕಂಡೆವು. ನನ್ನ ಅಪ್ಪನ ಕಾಲದಿಂದ ಪರಿಚಯ. ಎಪ್ಪತ್ತರ ಹತ್ತಿರದ ವಯಸ್ಸು, ಫೈಬರ್ ದೋಣಿ, ಮಗ ಜೊತೆಗೆ. ಎದುರಿಗೇ ಕಾಳಿಯ ಹಳೆ ಸೇತುವೆ ಇದ್ದ ಜಾಗ. 2024ರ ಆಗಸ್ಟ್ 7ರ ಮಧ್ಯರಾತ್ರಿ ಅದು ಬಿದ್ದಾಗ ಒಂದು ಲಾರಿಯೂ ನದಿಗೆ ಬಿದ್ದಿತ್ತು, ಚಾಲಕ ಬದುಕಿಕೊಂಡ. ಆ ಕತೆ ಮುಗಿದ ಮೇಲೆ ಭಾವ ತನ್ನ ವಿಷಯಕ್ಕೆ ಬಂದ.

"ನಾವು ಟ್ರೋಲಿಂಗ್ ಮಾಡಬೇಕು."

"ಟ್ರಾಲಿಂಗಾ? ಟ್ರಾಲ್ ಬೋಟು ಬೈತಖೋಲ ಬಂದರದಲ್ಲಿ ಮಾರಾಯ್ರೆ. ನಮ್ಮದು ಸಣ್ಣ ದೋಣಿ" ಎಂದರು ತಾಂಡೇಲರು.

ಮಗ ನಕ್ಕ. "ಟ್ರೋಲ್ ಅಂದ್ರೆ ಫೇಸ್‌ಬುಕ್ಕಲ್ಲಿ ಕಾಲೆಳೆಯೋದಲ್ವಾ?"

ಟ್ರಾಲ್ ಬೇರೆ, ಟ್ರೋಲ್ ಬೇರೆ ಎಂದು ಬಿಡಿಸಿ ಹೇಳಲು ಎರಡು ಚಹಾ ಬೇಕಾಯಿತು. ಟ್ರಾಲ್ ಎಂದರೆ ನೆಲ ಕೆರೆಯುತ್ತ ಹೋಗುವ ದೊಡ್ಡ ಬಲೆ. ಟ್ರೋಲ್‌ನಲ್ಲಿ ಬಲೆಯೇ ಇಲ್ಲ. ದೋಣಿ ಓಡುತ್ತಿರುತ್ತದೆ, ಹಿಂದೆ ಗಾಳ ಎಳೆದುಕೊಂಡು ಬರುತ್ತಿರುತ್ತದೆ, ಓಡುವ ಸಣ್ಣ ಮೀನು ಎಂದು ದೊಡ್ಡ ಮೀನು ಅದನ್ನು ಕಚ್ಚುತ್ತದೆ. ಅಷ್ಟೇ. ಕೇಳಿ ತಾಂಡೇಲರು ಚಹಾದ ಲೋಟ ಕೆಳಗಿಟ್ಟರು.

"ಇದನ್ನು ನನ್ನ ಅಪ್ಪ ಹಾಯಿ ದೋಣಿಯಲ್ಲಿ ಮಾಡ್ತಿದ್ದ. ಗಾಳಕ್ಕೆ ಕೋಳಿಪುಕ್ಕ ಕಟ್ಟಿ. ಇಸವಾಣಕ್ಕೆ." ಇಸವಾಣ ಅಂದರೆ ಮಂಗಳೂರಿನವರ ಅಂಜಲ್ ಮೀನು.

ಎರಡನೆಯ ದಿನ

ಬೆಳಿಗ್ಗೆ ಐದೂವರೆಗೆ ಹೊರಟೆವು. ಬೆಳಗು ಹರಿಯುವ ಮೊದಲೇ ಗಾಳ ನೀರಲ್ಲಿ ಇರಬೇಕು ಎಂಬುದು ಭಾವನ ಹಟ, ಅಲ್ಲಿನ ರೂಢಿ. ಹತ್ತುವ ಮೊದಲು ತಾಂಡೇಲರು ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿದರು. ಮೊದಲೆಲ್ಲ ಅವರು ಅದನ್ನು ದಿಂಬು ಮಾಡಿಕೊಂಡು ಮಲಗುತ್ತಿದ್ದವರು. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಕೊಂಡರಲ್ಲ, ಆಮೇಲೆ ಅವರ ದೋಣಿಯಲ್ಲಿ ಜಾಕೆಟ್ ಇಲ್ಲದೆ ಯಾರೂ ಕೂರುವಂತಿಲ್ಲ.

ಅಳಿವೆ ದಾಟಿದಾಗ ಬಲಕ್ಕೆ ದೇವಬಾಗದ ಗಾಳಿಮರಗಳು ಕಪ್ಪಗೆ ಕಾಣುತ್ತಿದ್ದವು. ಹಿಂದೆ ಸದಾಶಿವಗಡದ ಗುಡ್ಡ. ದೂರದಲ್ಲಿ ಆಯಿಸ್ಟರ್ ರಾಕ್‌ನ ದೀಪಸ್ತಂಭ ಮಿಣುಕುತ್ತಿತ್ತು. ತೆಂಕಣಕ್ಕೆ ಅಂಜದೀವ್ ದ್ವೀಪ. ಅತ್ತ ನೌಕಾನೆಲೆ, ನಾವು ಹೋಗುವಂತಿಲ್ಲ.

ಭಾವ ದೋಣಿಯ ಅಂಚಿಗೆ ತನ್ನ ಯಂತ್ರವನ್ನು ಹಿಡಿಕೆ ಹಾಕಿ ಬಿಗಿದ. ಬಾವಿಯ ರಾಟೆಯ ಹಾಗೆ ಒಂದು ಚಕ್ರ, ಅದಕ್ಕೆ ಸುತ್ತಿದ ಉಕ್ಕಿನ ತಂತಿ, ತಂತಿಯ ತುದಿಗೆ ನಮ್ಮ ಗುಂಡು. ಡೌನ್‌ರಿಗರ್ ಎನ್ನುತ್ತಾರೆ. ಇದರ ಕೆಲಸ ಅರ್ಥವಾಗಬೇಕಾದರೆ ಆ ಸರೋವರದ ಬೇಸಿಗೆ ಅರ್ಥವಾಗಬೇಕು.

ಆಗಸ್ಟಿನಲ್ಲಿ ಅಲ್ಲಿ ಮೇಲಿನ ನೀರು ಬೆಚ್ಚಗೆ. ಜನ ಈಜುತ್ತಾರೆ. ಬೆಚ್ಚಗಿನ ನೀರು ಹಗುರ, ಹಾಗಾಗಿ ಮೇಲೇ ತೇಲುತ್ತದೆ. ಕೆಳಗೆ ಕೊರೆಯುವ ತಣ್ಣೀರು. ಎರಡರ ನಡುವೆ ಒಂದು ಪದರದಲ್ಲಿ ಬಿಸಿ ಒಮ್ಮೆಲೇ ಇಳಿದುಬಿಡುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅಂದುಕೊಳ್ಳಿ. ಚಿನೂಕ್ ಸಾಲ್ಮನ್‌ಗೆ ಸುಮಾರು 12 ಡಿಗ್ರಿಯ ನೀರು ಇಷ್ಟ. ಲೇಕ್ ಟ್ರೌಟ್‌ಗೆ ಇನ್ನೂ ತಣ್ಣಗೆ ಬೇಕು, ಅದು ಇನ್ನೂ ಕೆಳಗೆ. ಹಾಗಾಗಿ ಮೀನು ಎಲ್ಲಿದೆ ಎಂದು ಹುಡುಕುವುದಕ್ಕಿಂತ 12 ಡಿಗ್ರಿ ಎಲ್ಲಿದೆ ಎಂದು ಹುಡುಕುತ್ತಾರೆ. ಒಂದು ದಿನ 15 ಮೀಟರ್ ಕೆಳಗೆ, ಮರುದಿನ 30. ದಡದಿಂದ ಗಾಳಿ ಎರಡು ದಿನ ಬೀಸಿದರೆ ಬೆಚ್ಚಗಿನ ನೀರನ್ನು ಆಚೆ ತಳ್ಳಿ ತಣ್ಣೀರನ್ನೇ ದಡಕ್ಕೆ ಎಬ್ಬಿಸುತ್ತದೆ.

ಸಣ್ಣ ಮೀನಿನ ಹಾಗೆ ಹೊಳೆಯುವ ತಗಡಿನ ಗಾಳಕ್ಕೆ ಸ್ಪೂನು ಎನ್ನುತ್ತಾರೆ. ಅಷ್ಟು ಹಗುರವಾದದ್ದನ್ನು ಅಷ್ಟು ಆಳಕ್ಕೆ ಇಳಿಸುವುದು ಹೇಗೆ? ಅದಕ್ಕೇ ಗುಂಡು. ಗಾಳದ ದಾರವನ್ನು ಗುಂಡಿನ ಹತ್ತಿರ ಒಂದು ಚಿಮಟಕ್ಕೆ ಸಿಕ್ಕಿಸಿ, ಗುಂಡನ್ನು ಬೇಕಾದ ಆಳಕ್ಕೆ ಇಳಿಸುತ್ತಾರೆ. ರಾಡು ಬಿಲ್ಲಿನ ಹಾಗೆ ಬಾಗಿರುತ್ತದೆ. ಮೀನು ಕಚ್ಚಿದ ಕ್ಷಣ ಚಿಮಟದಿಂದ ದಾರ ಕಳಚಿಕೊಳ್ಳುತ್ತದೆ, ರಾಡು ಟಣ್ಣನೆ ನೆಟ್ಟಗಾಗಿ ಮತ್ತೆ ಬಾಗುತ್ತದೆ. ಇನ್ನು ಭಾರ ಇಲ್ಲ, ಮೀನು ಮತ್ತು ನೀವು ಇಬ್ಬರೇ. ಆ ಟಣ್ ಎನ್ನುವುದಿದೆಯಲ್ಲ, ಅದಕ್ಕಾಗಿ ನಾನು ಅವತ್ತು ಐದು ತಾಸು ಚಳಿಯಲ್ಲಿ ಕೂತಿದ್ದೆ. ಒಂದೇ ಸಲ ಆಯಿತು. ಸಾಕಾಯಿತು ಕೂಡ.

ಆ ಸಾಲ್ಮನ್ ಅಲ್ಲಿಯದೂ ಅಲ್ಲ, ಅದು ಇನ್ನೊಂದು ತಮಾಷೆ. ಅಟ್ಲಾಂಟಿಕ್‌ನ ಏಲ್‌ವೈಫ್ ಎಂಬ ಸಣ್ಣ ಮೀನು ಕಾಲುವೆಗಳ ದಾರಿಯಲ್ಲಿ ಒಳಬಂತು. ಅದನ್ನು ತಿನ್ನಬೇಕಾದ ಲೇಕ್ ಟ್ರೌಟನ್ನು ರಕ್ತ ಹೀರುವ ಲ್ಯಾಂಪ್ರೆ ಮತ್ತು ಮಿತಿಮೀರಿದ ಮೀನುಗಾರಿಕೆ ಸೇರಿ ಮುಗಿಸಿದ್ದವು. ಏಲ್‌ವೈಫ್ ಎಷ್ಟು ಹೆಚ್ಚಿತೆಂದರೆ 1967ರಲ್ಲಿ ಸತ್ತು ರಾಶಿರಾಶಿ ದಂಡೆಗೆ ಬಿದ್ದು ಊರೂರು ನಾರಿತು. ಮಿಶಿಗನ್ ರಾಜ್ಯದ ಮೀನುಗಾರಿಕೆಯ ಮುಖ್ಯಸ್ಥರಾಗಿದ್ದ ಹೊವರ್ಡ್ ಟ್ಯಾನರ್ ಪೆಸಿಫಿಕ್‌ನ ಮೀನು ತರಿಸಿದರು. 1966ರಲ್ಲಿ ಕೋಹೋ ಸಾಲ್ಮನ್, ಮರುವರ್ಷ ಚಿನೂಕ್. ಸಿಹಿನೀರಿನಲ್ಲೇ ಬೆಳೆದವು, ದೈತ್ಯರಾದವು.

ಇಷ್ಟೆಲ್ಲ ನಾನು ತಾಂಡೇಲರಿಗೆ ಹೇಳುತ್ತಿರುವಾಗ ಭಾವ ಆಳ ತೋರಿಸುವ ಯಂತ್ರದ ಪರದೆ ನೋಡುತ್ತಿದ್ದ. ಅವನ ಮುಖ ಸಪ್ಪಗಾಯಿತು. ಆಳ 14 ಮೀಟರ್. ನೀರಿನ ಬಿಸಿ ಮೇಲೆ 28 ಡಿಗ್ರಿ. ಅಳೆಯುವ ತಂತಿಯನ್ನು ಕೆಳಗೆ ಬಿಟ್ಟ. ಅಲ್ಲೂ ಹೆಚ್ಚುಕಮ್ಮಿ ಅಷ್ಟೇ.

"ಇಲ್ಲಿ ಪದರವೇ ಇಲ್ಲವಲ್ಲ ತಮಾ."

"ಬಿಸಿ ಸಾರು ಭಾವ. ಮೇಲೂ ಬಿಸಿ, ಕೆಳಗೂ ಬಿಸಿ."

ಆದರೂ ಅಷ್ಟು ದೂರದಿಂದ ತಂದದ್ದಲ್ವಾ? ಹತ್ತು ಮೀಟರಿಗೆ ಗುಂಡು ಇಳಿಸಿದ. ನಿಧಾನ ನಡಿಗೆಯ ವೇಗದಲ್ಲಿ ಆಯಿಸ್ಟರ್ ರಾಕ್‌ನ ಕಡೆ ಹೋದೆವು. "ಅಲ್ಲಿ ಕೆಳಗೆ ಕಲ್ಲಿದೆ" ಎಂದು ತಾಂಡೇಲರು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳುವ ಮೊದಲೇ ದೋಣಿ ಗಕ್ಕನೆ ನಿಂತು ಒಂದು ಬದಿಗೆ ವಾಲಿತು. ಗುಂಡು ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ಭಾವ ಚಕ್ರ ತಿರುಗಿಸುತ್ತಾನೆ, ದೋಣಿ ಇನ್ನೂ ವಾಲುತ್ತದೆ. "ತಿರುಗಿಸಬೇಡಿ! ಬಿಡಿ, ಬಿಡಿ!" ಎಂದು ತಾಂಡೇಲರು ಕೂಗಿದರು. ಮಗ ಮಶಿನ್ ಬಂದ್ ಮಾಡಿ ಪಕ್ಕಡ್ ಹುಡುಕಿದ. ತಂತಿ ಕಡಿಯಿತು. ಗುಂಡು ಕಾರವಾರದ ಪಾಲಾಯಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಾಂಡೇಲರು ಮೆಲ್ಲಗೆ, "ಬಂಗಾರದ್ದಲ್ಲವಲ್ಲ?" ಎಂದರು.

ಮಧ್ಯಾಹ್ನದವರೆಗೆ ಗುಂಡಿಲ್ಲದೆ ಮೇಲುಮೇಲೇ ಎಳೆದೆವು. ಒಂದು ಮೊಳದ ಎರಡು ತೊಂಕಿ ಮೀನು ಸಿಕ್ಕವು. ಎರಡು ಸ್ಪೂನುಗಳು ಮಾಯವಾದವು, ದಾರವನ್ನು ಬ್ಲೇಡಿನಿಂದ ಕೊಯ್ದ ಹಾಗೆ. "ಇಸವಾಣ" ಎಂದರು ತಾಂಡೇಲರು, ತುಂಡಾದ ತುದಿಯನ್ನು ಬೆರಳಲ್ಲಿ ಸವರುತ್ತ. "ತಂಗೂಸಿ ದಾರ ಸಾಲದು. ಅದರ ಹಲ್ಲು ಕತ್ತರಿ. ಸರಿಗೆ ಬೇಕು."

ಅವಮಾನ ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಭಾವ ಬಿಡಲಿಲ್ಲ. ಮೂರೂವರೆಗೆ ಅಳಿವೆಗೆ ಬಂದರೆ ನೀರು ಪೂರ್ತಿ ಇಳಿದಿತ್ತು. ದೋಣಿ ಮರಳ ದಿಬ್ಬ ಏರಿ ಕೂತಿತು. ಭಾವ ಪರದೆಯತ್ತ ನೋಡಿ, "ಬೆಳಿಗ್ಗೆ ಇಲ್ಲಿ ನೀರಿತ್ತಲ್ಲ" ಎಂದ. ಅವನ ಸರೋವರದಲ್ಲಿ ಭರತ-ಇಳಿತ ಅಂದರೆ ಕೆಲವೇ ಸೆಂಟಿಮೀಟರ್. ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಇಲ್ಲಿ ಅಮಾವಾಸ್ಯೆ ಹತ್ತಿರ ಬಂದರೆ ಸುಮಾರು ಎರಡು ಮೀಟರ್ ಏರಿಳಿಯುತ್ತದೆ. ಒಂದೂವರೆ ತಾಸು ಮೊಣಕಾಲು ನೀರಲ್ಲಿ ನಿಂತು ಕಾದೆವು. ಕುಬ್ಬೆ ಚಿಪ್ಪು ಆರಿಸುತ್ತಿದ್ದ ಹೆಂಗಸರು ನಮ್ಮನ್ನೂ, ನಮ್ಮ ನಾಲ್ಕು ಹೊಳೆಯುವ ರಾಡುಗಳನ್ನೂ ನೋಡಿ ನಕ್ಕು ಹೋದರು. ಅವರ ಬುಟ್ಟಿ ತುಂಬಿತ್ತು.

ಮೂರನೆಯ ದಿನ

ಮೂಡಣ ಗಾಳಿ ಜೋರು. ತಾಂಡೇಲರು ಬೇಡ ಎಂದರು. ಹೋಟೆಲಿನಲ್ಲಿ ಕೂತರೆ ಭಾವ ಗುಂಡಿನ ಚಿಂತೆಯಲ್ಲೇ ಇರುತ್ತಾನೆಂದು ಕದ್ರಾ, ಅಣಶಿ ಘಟ್ಟದ ಮೇಲೆ ಗಣೇಶಗುಡಿಗೆ ಕರೆದುಕೊಂಡು ಹೋದೆ. ಅದೇ ಕಾಳಿ, ಆದರೆ ಮೇಲಿನ ಕಾಳಿ. ಜೋಯಿಡಾದ ಡಿಗ್ಗಿಯ ಕಡೆ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರ ಸೇರುವ ನದಿಗೆ ದಾರಿಯುದ್ದಕ್ಕೂ ಅಣೆಕಟ್ಟು. ಎಲ್ಲಕ್ಕಿಂತ ಮೇಲಿನದು ಸೂಪಾ, ಎತ್ತರ 101 ಮೀಟರ್.

"ಇದು ಆಳ!" ಎಂದು ಭಾವನ ಕಣ್ಣು ಅರಳಿತು. "ಇಲ್ಲಿ ಟ್ರೌಟ್ ಬಿಟ್ಟರೆ?"

ಬಿಟ್ಟರೆ ಬೇಯುತ್ತದೆ. ಟ್ರೌಟ್‌ಗೆ 20 ಡಿಗ್ರಿ ದಾಟಿದರೆ ಕಷ್ಟ. ಬ್ರಿಟಿಷರು ನೀಲಗಿರಿಗೂ ಕಾಶ್ಮೀರಕ್ಕೂ ಅದನ್ನು ತಂದು ಬಿಟ್ಟರು, ಅಲ್ಲಿನ ಚಳಿಗೆ ಬದುಕಿತು. ನಮ್ಮ ಘಟ್ಟದ ಸೆಕೆಗೆ ಅಲ್ಲ. ಇಲ್ಲಿ ಹುಲಿ ಕಾಡು ಬೇರೆ, ಗಾಳ ಹಾಕುವ ಮಾತೇ ಇಲ್ಲ. ಆ ನೀರಿನ ಕೆಳಗೆ ಹಳೆಯ ಸೂಪಾ ಊರಿದೆ, ಒಂದು ಕಾಲಕ್ಕೆ ತಾಲೂಕಿನ ಕಚೇರಿ, ಪೇಟೆ ಇದ್ದ ಊರು. ಮುಳುಗಿದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಬಂದವು. ಅದನ್ನು ಹೇಳಿದ ಮೇಲೆ ಭಾವ ಆಳದ ಮಾತು ಎತ್ತಲಿಲ್ಲ. ದಾರಿಯಲ್ಲಿ ಅವಲಕ್ಕಿ ತಿಂದು, ಕತ್ತಲಾಗುವ ಮೊದಲು ಘಟ್ಟ ಇಳಿದೆವು.

ರಾತ್ರಿ ತಾಂಡೇಲರ ಫೋನು. "ನಾಳೆ ಅಮಾವಾಸ್ಯೆ. ಬೆಳಿಗ್ಗೆ ಬರಬೇಡಿ. ಹತ್ತು ಗಂಟೆಗೆ ಬನ್ನಿ."

ಭಾವನಿಗೆ ಇದು ಸರಿಬೀಳಲಿಲ್ಲ. ಹತ್ತು ಗಂಟೆಗೆ ಯಾರಾದರೂ ಮೀನಿಗೆ ಹೋಗುತ್ತಾರಾ? ಹತ್ತಕ್ಕೆ ಅವನು ಅಲ್ಲಿ ದೋಣಿ ತೊಳೆಯುತ್ತಿರುತ್ತಾನಂತೆ.

ನಾಲ್ಕನೆಯ ದಿನ

ಎಳ್ಳಮಾವಾಸ್ಯೆ. ಹೋಗುವಷ್ಟರಲ್ಲಿ ತಾಂಡೇಲರು ಭಾವನ ಸ್ಪೂನುಗಳನ್ನು ಒಂದು ಗೋಣಿಯ ಮೇಲೆ ಹರವಿಕೊಂಡು ಕೂತಿದ್ದರು. ಹಸಿರು, ಕೇಸರಿ, ಕತ್ತಲಲ್ಲಿ ಹೊಳೆಯುವವು, ಏಣಿಯ ಹಾಗೆ ಗೆರೆ ಎಳೆದವು. ಸುಮಾರು ನಲವತ್ತು. ಅವರು ಇವಕ್ಕೆ 'ಚಮಚ' ಎಂದೇ ಹೆಸರಿಟ್ಟಿದ್ದರು. ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ ಬದಿಗಿಟ್ಟು, ಕೊನೆಗೆ ಒಂದೇ ಒಂದನ್ನು ಆರಿಸಿದರು. ಬಣ್ಣವಿಲ್ಲದ್ದು, ಬರೀ ಬೆಳ್ಳಿ.

"ಇದು ತಾರ್ಲೆ ಮೀನಿನ ಹಾಗೆ. ಬಾಕಿದ್ದೆಲ್ಲ ಜಾತ್ರೆ ಸಾಮಾನು."

ಅದಕ್ಕೆ ಮುಂದೆ ಒಂದು ಗೇಣು ಉಕ್ಕಿನ ಸರಿಗೆ ಸುತ್ತಿದರು. ಇನ್ನೊಂದು ಗಾಳಕ್ಕೆ ಅಪ್ಪನ ಕಾಲದ ಹಾಗೆ ಬಿಳಿ ಕೋಳಿಪುಕ್ಕ ಕಟ್ಟಿ ತಮಗೆಂದು ಇಟ್ಟುಕೊಂಡರು. ರಾಡಿಲ್ಲ, ರೀಲಿಲ್ಲ, ಕೈಯಲ್ಲೇ ತಂಗೂಸಿ, ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು.

ಹನ್ನೊಂದಕ್ಕೆ ಭರತ ಪೂರ್ತಿ ಏರಿ ನಿಂತಿತ್ತು. ನಾವು ಅಳಿವೆಯ ಹೊರಗೆ ಮಶಿನ್ ಬಂದ್ ಮಾಡಿ ಸುಮ್ನೆ ಕೂತೆವು. ಅರ್ಧ ತಾಸು, ಮುಕ್ಕಾಲು ತಾಸು. ಭಾವ ಚಡಪಡಿಸುತ್ತಿದ್ದ. ತಾಂಡೇಲರು ಎಲೆ ಅಡಿಕೆ ಹಾಕುತ್ತಿದ್ದರು. ಹನ್ನೆರಡರ ಸುಮಾರಿಗೆ ಇಳಿತ ಹಿಡಿಯಿತು. ಕಾಳಿಯ ನೀರು ಹೊರಬರತೊಡಗಿತು. ಮೊದಲು ಒಂದೆರಡು ಎಲೆ, ಒಂದು ತೆಂಗಿನ ಸಿಪ್ಪೆ, ನೊರೆ. ಆಮೇಲೆ ನೋಡುನೋಡುತ್ತ ನೀರಿನ ಮೇಲೆ ಒಂದು ಗೆರೆ ಮೂಡಿತು. ಈಚೆ ಮಾಸಲು ಹಸಿರು, ಆಚೆ ನೀಲಿ. ಯಾರೋ ಸೀರೆಗೆ ಅಂಚು ಹೊಲಿದ ಹಾಗೆ, ಕೂರ್ಮಗಡದ ಕಡೆಗೆ ಬಾಗಿಕೊಂಡು ಹೋಗಿತ್ತು.

"ಅದೇ ನಿಮ್ಮ ಪದರ" ಎಂದರು ತಾಂಡೇಲರು. "ಅಡ್ಡ ಮಲಗಿಸಿದ್ದಲ್ಲ, ನೆಟ್ಟಗೆ ನಿಲ್ಲಿಸಿದ್ದು."

ನಾನು ಎರಡನೆಯ ದಿನ ಹೇಳಿದ್ದನ್ನೆಲ್ಲ ಅವರು ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡೇ ಇದ್ದರು, ನೋಡಿ. ನದಿಯ ಜೊತೆ ಸಣ್ಣ ಮೀನು ಹೊರಬರುತ್ತವೆ, ಗೆರೆಯ ಆಚೆ ತಿಳಿನೀರಿನಲ್ಲಿ ಇಸವಾಣ ಕಾಯುತ್ತದೆ. ಮಾಸಲು ನೀರಿಗೆ ಅದು ಬರುವುದಿಲ್ಲ, ಅದಕ್ಕೆ ಕಣ್ಣೇ ಮುಖ್ಯ.

ಭಾವ ಅಭ್ಯಾಸದಂತೆ ನಿಧಾನ ಎಂದ. ಸಾಲ್ಮನ್‌ಗೆ ತಾಸಿಗೆ ನಾಲ್ಕು ಕಿಲೋಮೀಟರ್ ಆಸುಪಾಸಿನ ವೇಗ, ಟ್ರೌಟ್‌ಗೆ ಇನ್ನೂ ಮೆಲ್ಲಗೆ. ತಾಂಡೇಲರು ತಲೆಯಾಡಿಸಿ ಮಗನಿಗೆ ಸನ್ನೆ ಮಾಡಿದರು. ದೋಣಿ ಓಡಿತು, ಸೈಕಲ್ ಜೋರಾಗಿ ತುಳಿದ ಹಾಗೆ. ಗೆರೆಯ ನೀಲಿ ಬದಿಯಲ್ಲೇ, ಒಂದು ಮಾರು ಬಿಟ್ಟು, ಗೆರೆ ಬಾಗಿದಲ್ಲಿ ಬಾಗುತ್ತ. ಮುಂದೆ ನಾಲ್ಕೈದು ಕಡಲಹಕ್ಕಿಗಳು ಒಂದೇ ಕಡೆ ಬಿದ್ದೇಳುತ್ತಿದ್ದವು. ಅದರ ನಡುವೆ ಹೋಗಬಾರದು, ಸುತ್ತು ಹಾಕಬೇಕು ಎಂಬುದನ್ನು ಇಬ್ಬರೂ ಒಟ್ಟಿಗೇ ಹೇಳಿದರು, ಒಬ್ಬರು ಕನ್ನಡದಲ್ಲಿ, ಒಬ್ಬ ಇಂಗ್ಲಿಷಿನಲ್ಲಿ. ನಾಲ್ಕು ದಿನದಲ್ಲಿ ಮೊದಲ ಒಮ್ಮತ.

ಎರಡನೆಯ ಸುತ್ತಿನಲ್ಲಿ ರೀಲು ಕಿರುಚಿತು. ಟಣ್ ಎನ್ನುವುದೆಲ್ಲ ಇಲ್ಲ ಇಲ್ಲಿ. ರಾಡು ಒಮ್ಮೆಲೇ ಕೆಳಗೆ ಹೋಯಿತು, ದಾರ ಓಡತೊಡಗಿತು, ಓಡಿಯೇ ಓಡಿತು. ಭಾವ ಎರಡು ಕೈಯಲ್ಲಿ ಹಿಡಿದು ನಿಂತ. ಅವನ ಚಿನೂಕ್ ತಲೆ ಒದರುತ್ತ ಆಳಕ್ಕೆ ಎಳೆಯುವ ಮೀನು, ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ. ಇದು ಮೇಲುಮೇಲೇ ಬಾಣದ ಹಾಗೆ ಪಡುವಣಕ್ಕೆ ಹೋಯಿತು. ನೂರು ಮೀಟರ್ ಹೋಗಿ ನಿಂತು, ತಿರುಗಿ ನಮ್ಮ ಕಡೆಗೇ ಬಂತು. ದಾರ ಸಡಿಲ. "ಹೋಯ್ತು" ಎಂದ ಭಾವ. "ಸುತ್ತಿ! ಸುತ್ತಿ!" ಎಂದರು ತಾಂಡೇಲರು. ಹೋಗಿರಲಿಲ್ಲ.

ಹತ್ತು ಹನ್ನೆರಡು ನಿಮಿಷಕ್ಕೆ ದೋಣಿಯ ಪಕ್ಕ ಬಂತು. ಮಗ ಕೊಕ್ಕೆ ಹಾಕಿ ಎತ್ತಿದ. ಉದ್ದ ಬೆಳ್ಳಿಯ ಮೈ, ಮೇಲೆ ಅಡ್ಡಅಡ್ಡ ಕಪ್ಪು ಗೆರೆ. ಬಾಯಲ್ಲಿ ಬೆಳ್ಳಿ ಚಮಚ, ಸರಿಗೆಯ ಮೇಲೆಲ್ಲ ಹಲ್ಲಿನ ಗೀರು. ದಂಡೆಯಲ್ಲಿ ತೂಗಿದರೆ ಆರು ಕಿಲೋ ಮೇಲೆ ಸ್ವಲ್ಪ. ತಾಂಡೇಲರ ಕೋಳಿಪುಕ್ಕಕ್ಕೂ ಒಂದು ಸಿಕ್ಕಿತು, ಮೂರು ಕಿಲೋದ್ದು. ಅವರು ಅದನ್ನು ಕೈಯಲ್ಲೇ ಎಳೆದು, ಒಂದು ಮಾತೂ ಆಡದೆ, ಬುಟ್ಟಿಗೆ ಹಾಕಿ ಎಲೆಗೆ ಸುಣ್ಣ ಹಚ್ಚಿದರು. ಭಾವನ ಮೀನಿನ ಎಂಟು ಫೋಟೋ ಇದೆ, ಅವರದ್ದರ ಒಂದೂ ಇಲ್ಲ.

ಒಂದೂವರೆಗೆ ಪಡುವಣ ಗಾಳಿ ಎದ್ದಿತು, ಗೆರೆ ಕಲಸಿಹೋಯಿತು. ತಿರುಗಿ ಹೊರಟಾಗ ಈ ಸಲ ಭಾವನೇ ಕೇಳಿದ, "ಅಳಿವೆಯಲ್ಲಿ ನೀರಿರುತ್ತದಾ?" ಇತ್ತು.

ರಾತ್ರಿ ತಾಂಡೇಲರ ಮನೆಯಲ್ಲೇ ಊಟ. ತುಂಡುಗಳಿಗೆ ಮೆಣಸು, ಅರಿಶಿನ, ಮುರುಗಲ ಹುಳಿ ಹಚ್ಚಿ, ರವೆ ಹೊರಳಿಸಿ, ತೆಂಗಿನ ಎಣ್ಣೆಯಲ್ಲಿ ಕಾಯಿಸಿದ್ದು. ತಲೆಯದ್ದು ಸಾರು. ಬಂಗಡೆಯದ್ದಾದರೆ ಮಸಾಲೆಗೆ ಜುಮ್ಮನಕಾಯಿ ಹಾಕುತ್ತಿದ್ದೆ, ಇಸವಾಣಕ್ಕೆ ಯಾಕೆ ಎಂದರು ಮನೆಯವರು. ಭಾವ ಅಲ್ಲಿ ಸಾಲ್ಮನ್ ಹೊಗೆಯಲ್ಲಿ ಒಣಗಿಸುವ ಬಗ್ಗೆ ಹೇಳಿದ. "ಪಾಪ, ತೆಂಗಿನಕಾಯಿ ಸಿಗುವುದಿಲ್ಲವಾ?" ಎಂದು ಅವರು ನಿಜಕ್ಕೂ ಮರುಗಿದರು.

ಐದನೆಯ ದಿನ

ಬೆಳಿಗ್ಗೆ ಮೀನು ಪೇಟೆಗೆ ಒಂದು ಸುತ್ತು. ಒಂದು ಹೋಟೆಲಿನ ಹಲಗೆಯ ಮೇಲೆ 'ಇಂಡಿಯನ್ ಸಾಲ್ಮನ್' ಎಂದು ಬರೆದಿತ್ತು. ಭಾವ ಹಾರಿಬಿದ್ದ. ಅದು ನಮ್ಮ ರಾವಸ. ಸಾಲ್ಮನ್‌ಗೂ ಅದಕ್ಕೂ ಸಂಬಂಧವಿಲ್ಲ, ಯಾರೋ ಸಾಹೇಬರು ಊರ ನೆನಪಿಗೆ ಇಟ್ಟ ಹೆಸರಿರಬೇಕು. ಗಲ್ಲದ ಕೆಳಗೆ ನಾಲ್ಕು ಎಳೆ ಮೀಸೆ ಇದೆ ನೋಡು ಎಂದು ಪೇಟೆಯಲ್ಲಿ ಎತ್ತಿ ತೋರಿಸಿದೆ. ಮಾರುವ ಅಮ್ಮ, "ತಕೊಳ್ಳೂದಾದ್ರೆ ಮುಟ್ಟಿ" ಎಂದಳು. ತಕೊಂಡೆವು.

ಭಾವ ಸ್ಪೂನಿನ ಪೆಟ್ಟಿಗೆಯನ್ನು ತಾಂಡೇಲರ ಮಗನಿಗೆ ಕೊಟ್ಟ. ಖಾಲಿಯಾದ ಚೀಲದಲ್ಲಿ ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು, ಹಪ್ಪಳ ಹೋದವು. ತೂಕ ಸರಿಯಾಗಿ ಗುಂಡಿನಷ್ಟೇ ಬಂತು.

ಫೆಬ್ರವರಿಯಲ್ಲಿ ಒಂದು ರಾತ್ರಿ ಫೋನು ಬಂತು. ಅಲ್ಲಿ ಹಿಮ, ದೋಣಿಗೆ ಪ್ಲಾಸ್ಟಿಕ್ ಸುತ್ತಿಟ್ಟಿದ್ದಾನೆ, ಬಂದರಿನ ನೀರು ಗಟ್ಟಿಯಾಗಿದೆ. ಮಾತು ಎಲ್ಲ ಮುಗಿದ ಮೇಲೆ ಕೇಳಿದ.

"ತಮಾ, ಅಲ್ಲಿ ಈಗ ಭರತವಾ, ಇಳಿತವಾ?"

ನಾನಿರುವುದು ಶಿರಸಿಯಲ್ಲಿ. ಕಿಟಕಿಯಾಚೆ ಅಡಿಕೆ ತೋಟ. "ತಡಿ ಭಾವ" ಎಂದು ಇನ್ನೊಂದು ಫೋನಿನಿಂದ ತಾಂಡೇಲರಿಗೆ ಹಚ್ಚಿದೆ.